ಕಾರ್ಖಾನೆಯ ಅಪಾಯಕಾರಿ ಕಸದಿಂದ ಕಿಲ್ನ್ ಇಂಧನ: ಡ್ರಮ್ ತುಂಬುವುದರಿಂದ ನೀಲಿ ಪ್ರತಿ ಕೈ ಸೇರುವವರೆಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಂಜೆ ಗುಜರಿಯವರೊಬ್ಬರು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದರು: "ಸಾರ್, ಆ ಎಣ್ಣೆಬಟ್ಟೆ ಮೂಟೆ ಸುಮ್ನೆ ಬಿದ್ದಿದೆಯಲ್ಲ, ನಮಗೆ ಕೊಟ್ಬಿಡಿ. ಮಂಡ್ಯ ಕಡೆ ಆಲೆಮನೆಗೆ ಹಾಕ್ತಾರೆ, ಚೆನ್ನಾಗಿ ಉರಿಯುತ್ತೆ." ಅವರ ಮಾತಿನಲ್ಲಿ ಮೋಸ ಇರಲಿಲ್ಲ. ಚೆನ್ನಾಗಿ ಉರಿಯುತ್ತೆ ಅನ್ನುವುದೂ ನಿಜ. ಆದರೆ ಕಬ್ಬಿನ ಸಿಪ್ಪೆ ಉರಿಯಬೇಕಾದ ಒಲೆಯಲ್ಲಿ ಪೇಂಟ್, ಥಿನ್ನರ್, ರಬ್ಬರ್ ಉರಿದರೆ ಆ ಹೊಗೆ ಪಕ್ಕದ ಗದ್ದೆಯವರ ಎದೆಗೆ ಹೋಗುತ್ತದೆ, ಬೂದಿ ಯಾವುದೋ ನಾಲೆಯ ಏರಿ ಮೇಲೆ ಬೀಳುತ್ತದೆ. ಮೂಟೆ ಕೊಡಲಿಲ್ಲ. ಆದರೆ ಅದನ್ನು ಎಲ್ಲಿಗೆ ಕಳಿಸಬೇಕು, ಹೇಗೆ ಕಳಿಸಬೇಕು ಅನ್ನುವುದು ಆಗ ನನಗೂ ಪೂರ್ತಿ ಗೊತ್ತಿರಲಿಲ್ಲ.

ಆಮೇಲೆ ಹೂಟಗಳ್ಳಿ, ನಂಜನಗೂಡು, ತೂಬಿನಕೆರೆ ಕಡೆಯ ಘಟಕಗಳಲ್ಲಿ ಇದೇ ಕೆಲಸ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ಮತ್ತು ಮಧ್ಯಮ ಕಾರ್ಖಾನೆಯಲ್ಲಿ ಪರಿಸರ, ಸುರಕ್ಷತೆ ಅಥವಾ ಸ್ಟೋರ್ಸ್ ನೋಡಿಕೊಳ್ಳುವವರಿಗೆ ಇದು ಹೆಚ್ಚು ಉಪಯೋಗ ಆಗಬಹುದು. ಇಂಥ ಕಸವನ್ನು ಸಿಮೆಂಟ್ ಕಾರ್ಖಾನೆಯ ಕಿಲ್ನ್‌ಗೆ, ಅಂದರೆ ಸಿಮೆಂಟ್ ಸುಡುವ ದೊಡ್ಡ ಗೂಡಿಗೆ, ಇಂಧನವಾಗಿ ಕಳಿಸಬಹುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಸ ಇಂಧನ ಆಗುತ್ತೋ ಇಲ್ಲವೋ ಅನ್ನುವುದು ಸಿಮೆಂಟ್ ಕಾರ್ಖಾನೆಯಲ್ಲಿ ತೀರ್ಮಾನ ಆಗುವುದಿಲ್ಲ. ನಿಮ್ಮ ಮಷಿನ್ ಪಕ್ಕದ ಡ್ರಮ್‌ನಲ್ಲಿ ಆಗುತ್ತದೆ. ಅಲ್ಲಿ ಕೆಡಿಸಿದ್ದನ್ನು ಮುಂದೆ ಯಾರೂ ಸರಿ ಮಾಡಿಕೊಡುವುದಿಲ್ಲ.

ಸಿಮೆಂಟ್ ಕಿಲ್ನ್ ಯಾಕೆ?

ಆಲೆಮನೆ ಒಲೆಗೂ ಕಿಲ್ನ್‌ಗೂ ಇರುವ ವ್ಯತ್ಯಾಸ ಬಿಸಿ, ಸಮಯ ಮತ್ತು ಸುಣ್ಣ. ಕಿಲ್ನ್‌ನ ಮುಖ್ಯ ಬರ್ನರ್ ಜ್ವಾಲೆ 2,000 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ, ಒಳಗಿನ ಕಚ್ಚಾ ಮಾಲು 1,450 ಡಿಗ್ರಿಗೆ ಕಾಯುತ್ತದೆ. ಅನಿಲ ಅಷ್ಟು ಬಿಸಿಯಲ್ಲಿ ಕೆಲವು ಸೆಕೆಂಡ್ ನಿಲ್ಲುವುದರಿಂದ ಸಾವಯವ ವಿಷಗಳು ಮುರಿದು ಹೋಗುತ್ತವೆ. ಒಳಗೆ ಪೂರ್ತಿ ಸುಣ್ಣದ ಕಲ್ಲಿನ ಪುಡಿ ಇರುವುದರಿಂದ ಹುಟ್ಟುವ ಆಮ್ಲ ಅನಿಲಗಳನ್ನು ಅದೇ ಹೀರಿಕೊಳ್ಳುತ್ತದೆ. ಬೂದಿ ಬೇರೆ ಉಳಿಯುವುದಿಲ್ಲ, ಕ್ಲಿಂಕರ್ (ಪುಡಿ ಮಾಡಿದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ) ಒಳಗೇ ಸೇರಿಹೋಗುತ್ತದೆ. ಇನ್ಸಿನರೇಟರ್‌ನಲ್ಲಿ ಸುಟ್ಟರೆ ಬೂದಿಯನ್ನು ಮತ್ತೆ ಹೂಳಬೇಕು, ಇಲ್ಲಿ ಆ ಕೆಲಸ ಇಲ್ಲ. ಜೊತೆಗೆ ಅಷ್ಟು ಕಲ್ಲಿದ್ದಲು ಉಳಿಯುತ್ತದೆ. ಇದನ್ನೇ ಕೋ-ಪ್ರೊಸೆಸಿಂಗ್ ಅನ್ನುತ್ತಾರೆ.

ನಮ್ಮ ತೊಂದರೆ ದೂರ. ಮೈಸೂರು, ಮಂಡ್ಯದಲ್ಲಿ ಸಿಮೆಂಟ್ ಕಿಲ್ನ್ ಇಲ್ಲ. ರಾಜ್ಯದ ದೊಡ್ಡ ಕಿಲ್ನ್‌ಗಳು ಕಲಬುರಗಿ ಕಡೆ, ವಾಡಿ, ಸೇಡಂ, ಮಳಖೇಡದ ಸುಣ್ಣದ ಕಲ್ಲಿನ ನೆಲದಲ್ಲಿವೆ. ಬಾಗಲಕೋಟೆ ಕಡೆಯೂ ಇವೆ. ತಮಿಳುನಾಡಿನ ಅರಿಯಲೂರು ಇನ್ನೊಂದು ದಿಕ್ಕು. ಕಲಬುರಗಿಗೆ ಇಲ್ಲಿಂದ ಹತ್ತಿರ ಹತ್ತಿರ 700 ಕಿಲೋಮೀಟರ್. ಅಂದರೆ ನೀವು ಲಾರಿಯಲ್ಲಿ ತುಂಬುವ ಪ್ರತಿ ಕಿಲೋ ನೀರಿಗೂ, ಮಣ್ಣಿಗೂ ಅಷ್ಟು ದೂರದ ಬಾಡಿಗೆ ಕೊಡುತ್ತೀರಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬರುತ್ತದೆ.

ಮೊದಲ ಕೆಲಸ: ಪಟ್ಟಿ

ಒಂದು ವಾರ ಫ್ಯಾಕ್ಟರಿ ತುಂಬಾ ಓಡಾಡಿ. ಯಾವ ಮಷಿನ್ ಹತ್ತಿರ ಯಾವ ಕಸ ಹುಟ್ಟುತ್ತದೆ, ತಿಂಗಳಿಗೆ ಎಷ್ಟು ಕಿಲೋ, ಈಗ ಯಾವುದರಲ್ಲಿ ತುಂಬುತ್ತಾರೆ ಎಂದು ಬರೆದುಕೊಳ್ಳಿ. ರಾತ್ರಿ ಪಾಳಿಯಲ್ಲೂ ಒಮ್ಮೆ ಬನ್ನಿ. ಹಗಲು ಸರಿಯಾಗಿ ಬೇರ್ಪಡಿಸಿದ ಡ್ರಮ್‌ಗಳಿಗೆ ಏನೇನು ಬೀಳುತ್ತದೆ ಅನ್ನುವುದು ಆಗಲೇ ತಿಳಿಯುತ್ತದೆ.

ಪಟ್ಟಿಯಲ್ಲಿ ಪ್ರತಿಯೊಂದಕ್ಕೂ 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯ ನಿಯಮಗಳ ಮೊದಲನೇ ಅನುಸೂಚಿಯ ಸಂಖ್ಯೆ ಬರೆಯಿರಿ. ನಮ್ಮ ಕಡೆ ಜಾಸ್ತಿ ಸಿಗುವುದು ಇವು: ಎಣ್ಣೆ ಅಂಟಿದ ಉಳಿಕೆ 5.2, ಪೇಂಟ್ ಸ್ಲಡ್ಜ್ (ಕೆಸರಿನಂಥ ಉಳಿಕೆ) 21.1, ಸಾಲ್ವೆಂಟ್ ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಗಸಿ 20.3, ಖಾಲಿ ಬ್ಯಾರಲ್ ಮತ್ತು ಲೈನರ್ 33.1, ಎಣ್ಣೆ ಕುಡಿದ ಬನಿಯನ್ ವೇಸ್ಟ್ (ಮಷಿನ್ ಒರೆಸುವ ಬಟ್ಟೆ ಚೂರು) 33.2, ಇಟಿಪಿ (ಕಾರ್ಖಾನೆಯ ಕೊಳಚೆ ನೀರು ಶುದ್ಧ ಮಾಡುವ ಘಟಕ) ಸ್ಲಡ್ಜ್ 35.3.

ಈ ಪಟ್ಟಿಯಲ್ಲಿ ಇರುವುದೆಲ್ಲ ಇಂಧನ ಅಲ್ಲ. ನಿಯಮವೇ ಒಂದು ಕ್ರಮ ಹೇಳುತ್ತದೆ: ಮೊದಲು ಕಸ ಹುಟ್ಟದಂತೆ ನೋಡಿ, ಆಮೇಲೆ ಕಡಿಮೆ ಮಾಡಿ, ಮರುಬಳಕೆ, ರೀಸೈಕಲ್, ಆಮೇಲೆ ಕೋ-ಪ್ರೊಸೆಸಿಂಗ್, ಕೊನೆಗೆ ಹೂಳುವುದು. ಹಾಗಾಗಿ ಬಳಸಿದ ಲ್ಯೂಬ್ ಆಯಿಲ್ ಕಿಲ್ನ್‌ಗೆ ಹೋಗಬಾರದು, ಅದನ್ನು ಮತ್ತೆ ಶುದ್ಧ ಮಾಡುವ ನೋಂದಾಯಿತ ರೀಸೈಕ್ಲರ್ ಇದ್ದಾರೆ. ಥಿನ್ನರ್ ಅನ್ನೂ ಮೊದಲು ಬಟ್ಟಿ ಇಳಿಸಿ ವಾಪಸ್ ಪಡೆಯಿರಿ, ಗಸಿ ಮಾತ್ರ ಇಂಧನಕ್ಕೆ. ಆಟೋ ಬಿಡಿಭಾಗ ಮಾಡುವವರಲ್ಲಿ ಫಾಸ್ಫೇಟಿಂಗ್ (ಪೇಂಟ್ ಮಾಡುವ ಮೊದಲು ಲೋಹಕ್ಕೆ ಫಾಸ್ಫೇಟ್ ಪದರ ಕೊಡುವ ಕೆಲಸ) ಸ್ಲಡ್ಜ್ ಇರುತ್ತದೆ. ಅದರಲ್ಲಿ ಉರಿಯುವಂಥದ್ದೇನೂ ಇಲ್ಲ, ಮೇಲಾಗಿ ರಂಜಕ ಜಾಸ್ತಿಯಾದರೆ ಸಿಮೆಂಟ್‌ನ ಗಟ್ಟಿತನಕ್ಕೇ ಏಟು. ಅದು ದಾಬಸ್‌ಪೇಟೆಯಂಥ ಟಿಎಸ್‌ಡಿಎಫ್‌ಗೆ, ಅಂದರೆ ಅಪಾಯಕಾರಿ ಕಸ ಸಂಸ್ಕರಿಸಿ ಹೂಳುವ ಜಾಗಕ್ಕೆ, ಹೋಗಬೇಕಾದ ಮಾಲು.

ಕಿಲ್ನ್‌ಗೆ ಯಾವತ್ತೂ ಹೋಗಬಾರದ್ದೂ ಕೆಲವು ಇವೆ: ಆಸ್ಪತ್ರೆ ಕಸ, ಕಲ್ನಾರು, ಎಲೆಕ್ಟ್ರಾನಿಕ್ ಕಸ, ಬ್ಯಾಟರಿ, ಸ್ಫೋಟಕ, ವಿಕಿರಣಶೀಲ ವಸ್ತು, ಖನಿಜ ಆಮ್ಲಗಳು. ಟ್ಯೂಬ್‌ಲೈಟ್ ಕೂಡ ಬೇಡ. ಅದರಲ್ಲಿನ ಪಾದರಸ ಕ್ಲಿಂಕರ್‌ನಲ್ಲಿ ನಿಲ್ಲುವುದಿಲ್ಲ, ಆವಿಯಾಗಿ ಚಿಮಣಿಯಿಂದ ಹೊರಗೆ ಬರುತ್ತದೆ.

ಡ್ರಮ್ ಹತ್ತಿರವೇ ಬೇರ್ಪಡಿಸಿ

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ನಾನು ಏಟು ತಿಂದಿದ್ದು ಇಲ್ಲೇ.

ಮೊದಲ ಸಲ ನಾವು ಕಳಿಸಿದ ಲೋಡ್ ಕಿಲ್ನ್ ಗೇಟಿನಿಂದ ವಾಪಸ್ ಬಂತು. ಕ್ಲೋರಿನ್ ಜಾಸ್ತಿ ಅಂದರು. ನಮ್ಮ ಲ್ಯಾಬ್ ವರದಿಯಲ್ಲಿ ಎಲ್ಲ ಸರಿ ಇತ್ತಲ್ಲ ಎಂದು ತಲೆ ಕೆಡಿಸಿಕೊಂಡು, ವಾಪಸ್ ಬಂದ ಮೂಟೆಗಳನ್ನು ಷೆಡ್‌ನಲ್ಲಿ ಬಿಚ್ಚಿ ಸುರಿದೆವು. ಬನಿಯನ್ ವೇಸ್ಟ್ ಮಧ್ಯೆ ನೀಲಿ ಪಿವಿಸಿ ಗ್ಲೌಸ್, ತುಂಡಾದ ಹೋಸ್ ಪೈಪ್, ಕೇಬಲ್ ಸಿಪ್ಪೆ. ಲ್ಯಾಬ್‌ಗೆ ಕೊಟ್ಟ ಸ್ಯಾಂಪಲ್ ಅನ್ನು ಮೂಟೆಯ ಮೇಲ್ಭಾಗದಿಂದ ತೆಗೆದಿದ್ದೆವು, ಗ್ಲೌಸ್ ಎಲ್ಲ ಅಡಿಯಲ್ಲಿತ್ತು.

ಲೆಕ್ಕ ನೋಡಿ. ಶುದ್ಧ ಪಿವಿಸಿ ತೂಕದಲ್ಲಿ ಸುಮಾರು ಶೇಕಡಾ 57 ಕ್ಲೋರಿನ್ನೇ. 1,000 ಕಿಲೋ ಒಳ್ಳೆಯ ಮಾಲಿನೊಳಗೆ ಬರೀ 20 ಕಿಲೋ ಪಿವಿಸಿ ಬಿದ್ದರೆ 11 ಕಿಲೋಗೂ ಹೆಚ್ಚು ಕ್ಲೋರಿನ್ ಸೇರಿತು. ಅಂದರೆ ಶೇಕಡಾ 1ಕ್ಕಿಂತ ಜಾಸ್ತಿ ಏರಿಕೆ. ಕಿಲ್ನ್‌ನವರು ಸಾಮಾನ್ಯವಾಗಿ ಕೇಳುವ ಮಿತಿಯೇ ಶೇಕಡಾ 1ರಿಂದ 1.5ರ ಆಸುಪಾಸು. ಕ್ಲೋರಿನ್ ಜಾಸ್ತಿಯಾದರೆ ಅದು ಕಿಲ್ನ್ ಒಳಗೆ ಕ್ಷಾರದ ಜೊತೆ ಸೇರಿ ಆವಿಯಾಗಿ ಸುತ್ತುತ್ತಾ, ಪ್ರಿಹೀಟರ್ ಸೈಕ್ಲೋನ್ (ಕಚ್ಚಾ ಪುಡಿಯನ್ನು ಮೊದಲೇ ಬಿಸಿ ಮಾಡುವ ಗೋಪುರದ ಭಾಗ) ಗೋಡೆಗೆ ಅಂಟಿಕೊಂಡು ದಾರಿ ಮುಚ್ಚಿಸುತ್ತದೆ. ಅದನ್ನು ಬಿಡಿಸಲು ಜನ ಬಿಸಿ ಸೈಕ್ಲೋನ್ ಬಾಗಿಲಲ್ಲಿ ನಿಂತು ಕೆಲಸ ಮಾಡಬೇಕು. ಲೋಡ್ ತಿರಸ್ಕರಿಸಿದವರ ಮೇಲೆ ಆವತ್ತು ನನಗೆ ಸಿಟ್ಟು ಬಂದಿತ್ತು, ಈ ವಿಷಯ ತಿಳಿದ ಮೇಲೆ ಹೋಯಿತು.

ಹಾಗಾಗಿ ಹೀಗೆ ಮಾಡಿ. ಪ್ರತಿ ಜಾಗದಲ್ಲೂ ಬಣ್ಣ ಬೇರೆ ಬೇರೆ ಇರುವ ಮುಚ್ಚಳದ ಡ್ರಮ್ ಇಡಿ. ಮೇಲೆ ಬರಹದ ಜೊತೆ ಚಿತ್ರ ಅಂಟಿಸಿ. ನಮ್ಮಲ್ಲಿ ಬಿಹಾರ, ಒಡಿಶಾದಿಂದ ಬಂದ ಹುಡುಗರೂ ಇದ್ದಾರೆ, ಕನ್ನಡ ಬೋರ್ಡ್ ಒಂದೇ ಇದ್ದರೆ ಅವರಿಗೆ ತಿಳಿಯುವುದು ಹೇಗೆ? ಎಣ್ಣೆಬಟ್ಟೆ ಡ್ರಮ್ ಮೇಲೆ ಗ್ಲೌಸ್ ಚಿತ್ರಕ್ಕೆ ಕೆಂಪು ಅಡ್ಡ ಗೀಟು ಹಾಕಿ. ಸಾಧ್ಯವಾದರೆ ಪಿವಿಸಿ ಗ್ಲೌಸ್ ಕೊಳ್ಳುವುದನ್ನೇ ನಿಲ್ಲಿಸಿ ನೈಟ್ರೈಲ್‌ಗೆ ಬದಲಾಯಿಸಿ, ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ಬಟ್ಟೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಅಗಸೆ ಎಣ್ಣೆ, ಆಲ್ಕಿಡ್ ಪೇಂಟ್, ವಾರ್ನಿಷ್ ಅಂಟಿದ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ಯಾರೂ ಕಡ್ಡಿ ಗೀರದೆ ತಾನಾಗೇ ಕಾದು ಹೊತ್ತಿಕೊಳ್ಳಬಹುದು. ಗಾಳಿಯ ಆಮ್ಲಜನಕದ ಜೊತೆ ಎಣ್ಣೆ ಸೇರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯ ನಡುವೆ ಆ ಬಿಸಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಅಂಥ ಬಟ್ಟೆಯನ್ನು ಮುಚ್ಚಳ ಇರುವ ಲೋಹದ ಡಬ್ಬಕ್ಕೇ ಹಾಕಿ, ಪಾಳಿ ಮುಗಿದಾಗ ಖಾಲಿ ಮಾಡಿ.

ನೀರು ತೆಗೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ದುಡ್ಡು ಉಳಿಸುವ ಹೆಜ್ಜೆ ಇದೇ. ಒಂದು ಕಿಲೋ ನೀರು ಆವಿಯಾಗಲು ಸುಮಾರು 600 ಕಿಲೋಕ್ಯಾಲರಿ ತಿನ್ನುತ್ತದೆ. ನಿಮ್ಮ ಸ್ಲಡ್ಜ್ ಒಣಗಿದಾಗ ಕಿಲೋಗೆ 3,000 ಕಿಲೋಕ್ಯಾಲರಿ ಕೊಡುತ್ತದೆ ಎಂದುಕೊಳ್ಳಿ. ಅದರಲ್ಲಿ ಶೇಕಡಾ 75 ನೀರಿದ್ದರೆ, ಘನ ಭಾಗದಿಂದ ಬರುವುದು 750, ನೀರು ತಿನ್ನುವುದು 450, ಉಳಿಯುವುದು 300. ಅದನ್ನು ಇಂಧನ ಅನ್ನಲು ಆಗುವುದಿಲ್ಲ. ಅದೇ ಸ್ಲಡ್ಜ್ ಅನ್ನು ಶೇಕಡಾ 25 ನೀರಿಗೆ ಇಳಿಸಿದರೆ 2,250ರಲ್ಲಿ 150 ಕಳೆದು 2,100 ಉಳಿಯುತ್ತದೆ. ಶೇಕಡಾ 10ಕ್ಕೆ ಇಳಿಸಿದರೆ 2,640.

ತೂಕದ ಲೆಕ್ಕ ಇನ್ನೂ ಕಣ್ಣಿಗೆ ಕಾಣುತ್ತದೆ. ಶೇಕಡಾ 75 ನೀರಿರುವ 1,000 ಕಿಲೋದಲ್ಲಿ ಘನ ವಸ್ತು 250 ಕಿಲೋ. ಶೇಕಡಾ 25ಕ್ಕೆ ಒಣಗಿಸಿದರೆ ಒಟ್ಟು ತೂಕ 333 ಕಿಲೋ. ಮೂರು ಲಾರಿ ಹೋಗುತ್ತಿದ್ದ ಕಡೆ ಒಂದು ಲಾರಿ.

ಫಿಲ್ಟರ್ ಪ್ರೆಸ್ ಇದ್ದರೆ ಅದರ ಬಟ್ಟೆಯನ್ನು ಹೊತ್ತಿಗೆ ಸರಿಯಾಗಿ ತೊಳೆಯಿರಿ, ಒತ್ತುವ ಸಮಯ ಕಡಿಮೆ ಮಾಡಬೇಡಿ. ಆಮೇಲೆ ಸೂರು ಇರುವ ಒಣಗಿಸುವ ಹಾಸು. ಮೈಸೂರಿನಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಬಿಸಿಲು ನಮ್ಮ ಪರ. ಮುಂಗಾರು ಶುರುವಾದ ಮೇಲೆ, ಮತ್ತೆ ಅಕ್ಟೋಬರ್ ಮಳೆಯಲ್ಲಿ, ಪಾರದರ್ಶಕ ಶೀಟಿನ ಸೂರು ಇಲ್ಲದಿದ್ದರೆ ಒಣಗಿಸಿದ್ದೆಲ್ಲ ವ್ಯರ್ಥ. ಹಾಸಿನಿಂದ ಇಳಿಯುವ ನೀರು ವಾಪಸ್ ಇಟಿಪಿಗೇ ಹೋಗಬೇಕು. ನಂಜನಗೂಡಿನಲ್ಲಿ ಇಳಿಜಾರು ಕಬಿನಿ ಕಡೆ, ತೂಬಿನಕೆರೆ ಕಡೆ ಕಾವೇರಿ ನಾಲೆಗಳು. ಸುಮ್ನೆ ಹೊರಗೆ ಬಿಟ್ಟ ನೀರು ಯಾರ ಗದ್ದೆಗೆ ಹೋಗುತ್ತದೆ ಎಂದು ನಮಗೆ ಗೊತ್ತಿರುವ ವಿಷಯವೇ ಅಲ್ವಾ? ಸಾಲ್ವೆಂಟ್ ವಾಸನೆ ಇರುವ ಪೇಂಟ್ ಸ್ಲಡ್ಜ್ ಅನ್ನು ಮಾತ್ರ ಹೀಗೆ ಬಿಸಿಲಿಗೆ ಹರಡಬೇಡಿ. ಅಲ್ಲಿ ಗಾಳಿಗೆ ಹೋಗುವುದು ನೀರಲ್ಲ, ಥಿನ್ನರ್.

ಸ್ಯಾಂಪಲ್ ಮತ್ತು ಲ್ಯಾಬ್

ಗ್ಲೌಸ್ ಕಥೆ ಹೇಳಿದೆನಲ್ಲ, ಸ್ಯಾಂಪಲ್ ತಪ್ಪಾದರೆ ವರದಿ ಬರೀ ಕಾಗದ. ಡ್ರಮ್‌ನಲ್ಲಿ ಮೇಲೆ, ನಡುವೆ, ತಳ ಮೂರೂ ಕಡೆಯಿಂದ ತೆಗೆಯಿರಿ. ಹತ್ತಾರು ಡ್ರಮ್‌ಗಳಿಂದ ತೆಗೆದದ್ದನ್ನು ಶೀಟ್ ಮೇಲೆ ಗುಡ್ಡೆ ಮಾಡಿ, ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡು ಭಾಗ ಇಟ್ಟುಕೊಂಡು ಮತ್ತೆ ಕಲಸಿ, ಹೀಗೆ ಒಂದೆರಡು ಕಿಲೋಗೆ ಇಳಿಸಿ. ಸಾಲ್ವೆಂಟ್ ಇರುವ ಮಾಲನ್ನು ಹೀಗೆ ಬಯಲಲ್ಲಿ ಹರಡದೆ ಗಾಜಿನ ಬಾಟಲಿಯಲ್ಲಿ ಬಾಯಿ ಮುಚ್ಚಿ ಕಳಿಸಿ.

ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಕೇಳಬೇಕಾದ್ದು: ಕ್ಯಾಲೋರಿಫಿಕ್ ಮೌಲ್ಯ (ಒಂದು ಕಿಲೋ ಉರಿದರೆ ಸಿಗುವ ಶಾಖ), ತೇವಾಂಶ, ಬೂದಿ, ಕ್ಲೋರಿನ್, ಗಂಧಕ, ಪಿಎಚ್, ಫ್ಲಾಶ್ ಪಾಯಿಂಟ್ (ಆವಿಗೆ ಬೆಂಕಿ ಹತ್ತುವ ಅತಿ ಕಡಿಮೆ ಬಿಸಿ), ಪಾದರಸ ಸೇರಿದಂತೆ ಭಾರ ಲೋಹಗಳು. ಕ್ಯಾಲೋರಿಫಿಕ್ ಮೌಲ್ಯ ಒಣ ಮಾಲಿನದೋ ಬಂದ ಸ್ಥಿತಿಯ ಮಾಲಿನದೋ ಎಂದು ವರದಿಯಲ್ಲಿ ಬರೆಸಿಕೊಳ್ಳಿ, ಜಗಳ ಆಗುವುದೇ ಇದರಲ್ಲಿ. ಕಿಲೋಗೆ 2,500 ಕಿಲೋಕ್ಯಾಲರಿಗಿಂತ ಮೇಲಿದ್ದರೆ ಇಂಧನವಾಗಿ ನೋಡುತ್ತಾರೆ ಎಂಬುದು ಈ ಕೆಲಸದಲ್ಲಿ ಎಲ್ಲರೂ ಹಿಡಿಯುವ ಅಳತೆ. ಫ್ಲಾಶ್ ಪಾಯಿಂಟ್ 60 ಡಿಗ್ರಿಗಿಂತ ಕಡಿಮೆ ಇರುವ ದ್ರವವನ್ನು ನಿಯಮವೇ ಬೆಂಕಿ ಹತ್ತುವ ಗುಂಪಿಗೆ ಸೇರಿಸುತ್ತದೆ, ಅದರ ಶೇಖರಣೆಯೇ ಬೇರೆ.

ಅನುಮತಿ ಇಲ್ಲದೆ ಮುಂದೆ ಹೋಗಬೇಡಿ

ಷ್ರೆಡರ್ ಒಂದು ತಂದಿಟ್ಟುಕೊಂಡು, ಕಸ ಪುಡಿ ಮಾಡಿ ಇಂಧನ ಎಂದು ಮಾರಲು ಆಗುವುದಿಲ್ಲ. ಕಸ ಹುಟ್ಟಿಸುವುದಕ್ಕೆ, ಇಟ್ಟುಕೊಳ್ಳುವುದಕ್ಕೆ, ಬೆರೆಸುವುದಕ್ಕೆ, ಎಲ್ಲಕ್ಕೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಬೇಕು. ಅರ್ಜಿ ಫಾರ್ಮ್ 1ರಲ್ಲಿ, ಅಧಿಕಾರಪತ್ರ ಫಾರ್ಮ್ 2ರಲ್ಲಿ. ಅರ್ಜಿ ಪೂರ್ತಿ ಇದ್ದರೆ ತೀರ್ಮಾನಕ್ಕೆ ನಿಯಮದಲ್ಲಿ 120 ದಿನ, ಸಿಕ್ಕ ಮೇಲೆ 5 ವರ್ಷದ ಬಾಳಿಕೆ. ಕಸವನ್ನು ಸಂಪನ್ಮೂಲವಾಗಿ ಬಳಸುವುದು ಅದೇ ನಿಯಮಗಳ 9ನೇ ನಿಯಮದ ಅಡಿ ಬರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2017ರಲ್ಲಿ ಪ್ರಿ-ಪ್ರೊಸೆಸಿಂಗ್ (ಕಿಲ್ನ್‌ಗೆ ಹಾಕುವ ಮೊದಲು ಕಸ ಬೆರೆಸಿ ಹದ ಮಾಡುವುದು) ಮತ್ತು ಕೋ-ಪ್ರೊಸೆಸಿಂಗ್‌ಗೆ ಮಾರ್ಗಸೂಚಿಯನ್ನೇ ಹೊರಡಿಸಿದೆ. ಅದನ್ನು ಒಮ್ಮೆ ಕೂತು ಓದಿ.

ಸಣ್ಣ ಘಟಕಕ್ಕೆ ನನ್ನ ಸಲಹೆ ನೇರವಾಗಿದೆ: ಬೆರೆಸುವ ಕೆಲಸ ನೀವು ಮಾಡಬೇಡಿ. ಅಧಿಕಾರಪತ್ರ ಇರುವ ಪ್ರಿ-ಪ್ರೊಸೆಸಿಂಗ್ ಘಟಕದ ಜೊತೆ ಒಪ್ಪಂದ ಮಾಡಿಕೊಳ್ಳಿ. ನಿಮ್ಮ ಕೆಲಸ ಬೇರ್ಪಡಿಸುವುದು, ಒಣಗಿಸುವುದು, ಸರಿಯಾಗಿ ಇಡುವುದು. ಒಪ್ಪಂದಕ್ಕೆ ಮೊದಲು ಅವರ ಅಧಿಕಾರಪತ್ರದಲ್ಲಿ ನಿಮ್ಮ ಕಸದ ಸಂಖ್ಯೆ ಇದೆಯೋ, ವರ್ಷಕ್ಕೆ ಎಷ್ಟು ಟನ್ ಎಂದಿದೆ, ಅವಧಿ ಯಾವಾಗ ಮುಗಿಯುತ್ತದೆ ಎಂದು ಕಣ್ಣಾರೆ ನೋಡಿ. ಒಮ್ಮೆ ಅವರ ಜಾಗಕ್ಕೂ ಹೋಗಿಬನ್ನಿ.

ಬೆರೆಸುವುದು ಹೇಗೆ

ನೀವು ಮಾಡದಿದ್ದರೂ ಇದು ಗೊತ್ತಿರಲಿ, ಆಗ ಅವರು ಯಾಕೆ ಒಂದು ಡ್ರಮ್ ಬೇಡ ಅನ್ನುತ್ತಾರೆ ಎಂದು ಅರ್ಥ ಆಗುತ್ತದೆ. ಕಿಲ್ನ್‌ಗೆ ಬೇಕಾದ್ದು ದಿನವೂ ಒಂದೇ ತರಹದ ಊಟ. ಇವತ್ತು 6,000, ನಾಳೆ 1,500 ಕಿಲೋಕ್ಯಾಲರಿ ಎಂದರೆ ಅವರ ಜ್ವಾಲೆ ಕುಣಿಯುತ್ತದೆ.

ಒಂದು ಉದಾಹರಣೆ, ಅಂಕಿಗಳು ಲೆಕ್ಕಕ್ಕಾಗಿ ಮಾತ್ರ. 1 ಟನ್ ಮಿಶ್ರಣದಲ್ಲಿ ಪೇಂಟ್ ಸ್ಲಡ್ಜ್ 400 ಕಿಲೋ (3,500 ಕಿಲೋಕ್ಯಾಲರಿ, ಕ್ಲೋರಿನ್ ಶೇಕಡಾ 0.5), ಎಣ್ಣೆಬಟ್ಟೆ 350 ಕಿಲೋ (4,500, ಶೇಕಡಾ 0.3), ಒಣಗಿದ ಇಟಿಪಿ ಸ್ಲಡ್ಜ್ 250 ಕಿಲೋ (1,500, ಶೇಕಡಾ 1.2). ಶಾಖ: 1,400 + 1,575 + 375, ಒಟ್ಟು ಕಿಲೋಗೆ 3,350. ಕ್ಲೋರಿನ್: 0.2 + 0.105 + 0.3, ಸುಮಾರು ಶೇಕಡಾ 0.6. ಒಳ್ಳೆಯ ಮಾಲು. ಇದಕ್ಕೇ ಆ 20 ಕಿಲೋ ಪಿವಿಸಿ ಸೇರಿಸಿ ನೋಡಿ, ಶೇಕಡಾ 1.7 ಆಗಿಬಿಡುತ್ತದೆ.

ಅಂಟಂಟಾದ ಪೇಂಟ್ ಸ್ಲಡ್ಜ್‌ಗೆ ಮರದ ಹೊಟ್ಟು ಬೆರೆಸಿದರೆ ಪುಡಿಪುಡಿಯಾಗಿ ಕನ್ವೇಯರ್‌ನಲ್ಲಿ ಸಲೀಸಾಗಿ ಹರಿಯುತ್ತದೆ. ಆಮೇಲೆ ಷ್ರೆಡರ್, ಜರಡಿ, ಕಬ್ಬಿಣ ಹಿಡಿಯಲು ಮ್ಯಾಗ್ನೆಟ್. ಕ್ಯಾಲ್ಸಿನರ್‌ಗೆ (ಕಿಲ್ನ್‌ಗಿಂತ ಮೊದಲು ಸುಣ್ಣದ ಕಲ್ಲಿನ ಪುಡಿ ಕಾಯಿಸುವ ಕೋಣೆ) ಹಾಕುವ ಘನ ಇಂಧನದ ತುಂಡು ಸುಮಾರು 50 ಮಿಲಿಮೀಟರ್ ಒಳಗೆ, ಮುಖ್ಯ ಬರ್ನರ್‌ಗೆ ಅದಕ್ಕಿಂತ ಸಣ್ಣದು. ಹೊಟ್ಟು ಹಾಕುವುದು ಮಾಲು ಹರಿಯಲಿ ಎಂದು. ಭಾರ ಲೋಹ ಜಾಸ್ತಿ ಇರುವ ಕಸವನ್ನು ತೆಳುವಾಗಿ ತೋರಿಸಲು ಹೊಟ್ಟು ಸುರಿಯುವುದು ಮೋಸ, ಲೋಹ ಅಷ್ಟೇ ಇರುತ್ತದೆ.

ಯಾವುದರ ಜೊತೆ ಯಾವುದು ಸೇರಬಾರದು ಅನ್ನುವುದು ಇನ್ನೂ ಮುಖ್ಯ. ಒಂದು ಏಪ್ರಿಲ್ ಮಧ್ಯಾಹ್ನ ನಮ್ಮ ಷೆಡ್‌ನಲ್ಲಿ ಒಂದು ಡ್ರಮ್‌ನ ಮೇಲ್ಭಾಗ ಪೂರಿಯ ಹಾಗೆ ಉಬ್ಬಿ ನಿಂತಿತ್ತು. ಹೆಲ್ಪರ್ ಹುಡುಗ ನೋಡಿ ಓಡಿ ಬಂದ, "ಅಣ್ಣಾ, ಡ್ರಮ್ ಟಣ್ ಟಣ್ ಅಂತಿದೆ." ಎರಡು ಭಾಗ ಬೆರೆಸುವ ಪಿಯು (ಪಾಲಿಯುರಿಥೇನ್) ಪೇಂಟ್‌ನ ಹಾರ್ಡ್‌ನರ್ ಉಳಿದದ್ದನ್ನು ಯಾರೋ ತೊಳೆದ ನೀರಿನ ಜೊತೆ ಒಂದೇ ಡ್ರಮ್‌ಗೆ ಸುರಿದು ಬಿರಡೆ ಬಿಗಿದಿದ್ದರು. ಹಾರ್ಡ್‌ನರ್‌ನಲ್ಲಿರುವ ಐಸೋಸಯನೇಟ್ ನೀರು ಕಂಡರೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಯಾರೂ ಹತ್ತಿರ ಹೋಗಬೇಡಿ ಎಂದು ಷೆಡ್ ಖಾಲಿ ಮಾಡಿಸಿ, ದೂರದಿಂದ ನೀರು ಹಾಯಿಸಿ ತಣ್ಣಗೆ ಮಾಡಿದೆವು. ತಗಡು ತಡೆದುಕೊಂಡಿತು. ಆವತ್ತಿನಿಂದ ಹಾರ್ಡ್‌ನರ್‌ಗೆ ಬೇರೆ ಡಬ್ಬ, ಒಣ ಡಬ್ಬ, ಗಾಳಿ ಬಿಡುವ ಬಿರಡೆ.

ಅದೇ ತರಹ, ಆಮ್ಲವನ್ನು ಸಲ್ಫೈಡ್ ಅಥವಾ ಸಯನೈಡ್ ಇರುವ ಸ್ಲಡ್ಜ್ ಜೊತೆ ಸೇರಿಸಿದರೆ ಕೊಲ್ಲುವ ಅನಿಲ. ಅಲ್ಯೂಮಿನಿಯಂ ಪುಡಿಗೆ ಕಾಸ್ಟಿಕ್ ಸೇರಿದರೆ ಹೈಡ್ರೋಜನ್. ಪೆರಾಕ್ಸೈಡ್ ಯಾವ ಸಾವಯವ ಕಸದ ಹತ್ತಿರವೂ ಬೇಡ. ಹೊಸದಾಗಿ ಎರಡು ಕಸ ಒಟ್ಟಿಗೆ ಸೇರಿಸುವ ಮೊದಲು ಲ್ಯಾಬ್‌ನವರಿಂದ ಚಿಕ್ಕ ಪ್ರಮಾಣದಲ್ಲಿ ಹೊಂದಾಣಿಕೆ ಪರೀಕ್ಷೆ ಮಾಡಿಸಿ: ಬಿಸಿ ಏರುತ್ತಾ, ಗುಳ್ಳೆ ಬರುತ್ತಾ, ಗಟ್ಟಿಯಾಗುತ್ತಾ.

ಷೆಡ್

ಸೂರು, ಎಣ್ಣೆ ಇಂಗದ ನೆಲ, ಸುತ್ತ ಕಟ್ಟೆ, ಗಾಳಿಯಾಡುವ ಗೋಡೆ. ಕಟ್ಟೆಯೊಳಗೆ ನಿಮ್ಮ ಅತಿ ದೊಡ್ಡ ಟ್ಯಾಂಕ್ ಒಡೆದರೂ ಹಿಡಿಯುವಷ್ಟು, ಅಂದರೆ ಆ ಟ್ಯಾಂಕ್ ಅಳತೆಯ ಶೇಕಡಾ 110ರಷ್ಟು, ಜಾಗ ಇರಲಿ. ಸಾಲ್ವೆಂಟ್ ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಿದು ಗುಂಡಿಗಳಲ್ಲಿ ಕೂರುತ್ತದೆ. ಆದ್ದರಿಂದ ಕಿಂಡಿ ಕೆಳಗೂ ಬೇಕು. ಡ್ರಮ್‌ಗಳನ್ನು ಪ್ಯಾಲೆಟ್ ಮೇಲೆ ಮೂರಕ್ಕಿಂತ ಎತ್ತರ ಪೇರಿಸಬೇಡಿ, ಬೇಗ ಹೊತ್ತಿಕೊಳ್ಳುವ ಮಾಲಾದರೆ ಒಂದರ ಮೇಲೆ ಒಂದು ಬೇಡವೇ ಬೇಡ. ದ್ರವ ಸುರಿಯುವಾಗ ಎರಡೂ ಡ್ರಮ್‌ಗೆ ಅರ್ಥಿಂಗ್ ತಂತಿ. ಮುಚ್ಚಳ ತೆಗೆಯಲು ಕಿಡಿ ಬಾರದ ಹಿತ್ತಾಳೆ ಸ್ಪ್ಯಾನರ್. ಬಿರಡೆಯನ್ನು ನಿಧಾನಕ್ಕೆ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಸಡಿಲಿಸಿ.

ಇಟ್ಟುಕೊಳ್ಳಲು ಇರುವ ಗಡುವು 90 ದಿನ. ವರ್ಷಕ್ಕೆ 10 ಟನ್‌ವರೆಗಿನ ಸಣ್ಣವರಿಗೆ ಮಂಡಳಿ 180 ದಿನದವರೆಗೆ ವಿಸ್ತರಿಸಿ ಕೊಡಬಹುದು, ಕೇಳಿ ಪಡೆಯಬೇಕು. ಹಾಗಾಗಿ ಡ್ರಮ್ ಮೇಲೆ ತುಂಬಲು ಶುರು ಮಾಡಿದ ದಿನಾಂಕ ಬರೆಯಿರಿ. ಲೇಬಲ್ ಫಾರ್ಮ್ 8ರ ಪ್ರಕಾರ: ಹೊಳೆಯುವ ಹಳದಿ ಹಿನ್ನೆಲೆ, "ಅಪಾಯಕಾರಿ ತ್ಯಾಜ್ಯ" ಮತ್ತು "ಎಚ್ಚರಿಕೆಯಿಂದ ನಿರ್ವಹಿಸಿ" ಎಂಬ ಮಾತು ಕೆಂಪಿನಲ್ಲಿ, ಹಿಂದಿ ಇಂಗ್ಲಿಷ್ ಜೊತೆ ಕನ್ನಡದಲ್ಲೂ. ಕನ್ನಡ ಬಿಟ್ಟ ಲೇಬಲ್‌ಗಳನ್ನು ಎಷ್ಟೋ ಕಡೆ ನೋಡಿದ್ದೇನೆ. ದಾರಿಯಲ್ಲಿ ಲಾರಿ ಮಗುಚಿದರೆ ಮೊದಲು ಓಡಿ ಬರುವವರು ಪಕ್ಕದ ಊರಿನವರು, ಅವರು ಓದುವ ಭಾಷೆಯಲ್ಲಿ ಇರಲೇಬೇಕು.

ಲಾರಿ ಮತ್ತು ಏಳು ಬಣ್ಣದ ಕಾಗದ

ಅಪಾಯಕಾರಿ ಕಸ ಸಾಗಿಸಲು ಅನುಮತಿ ಇರುವ ಲಾರಿಯೇ ಬರಬೇಕು. ಬಾಡಿಗೆ ಕಡಿಮೆ ಎಂದು ತರಕಾರಿ ಸಾಗಿಸುವ ಗಾಡಿ ಹತ್ತಿಸಬೇಡಿ. ನಾಳೆ ಅದೇ ಗಾಡಿಯಲ್ಲಿ ಟೊಮೆಟೊ ಹೋಗುತ್ತದೆ. ಚಾಲಕರ ಕೈಗೆ ಫಾರ್ಮ್ 9ರ ಟ್ರೆಮ್ ಕಾರ್ಡ್ (ದಾರಿಯಲ್ಲಿ ಅವಘಡ ಆದರೆ ನೋಡಬೇಕಾದ ಸೂಚನೆ ಕಾಗದ) ಕೊಡಿ, ಕೊಟ್ಟರೆ ಸಾಲದು, ಸೋರಿದರೆ ಏನು ಮಾಡಬೇಕು ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಐದು ನಿಮಿಷ ಹೇಳಿ.

ಫಾರ್ಮ್ 10ರ ಕಸದ ಸಾಗಣೆ ಚೀಟಿ, ಅಂದರೆ ಮ್ಯಾನಿಫೆಸ್ಟ್‌ಗೆ ಏಳು ಪ್ರತಿ. ಬಿಳಿ ನೀವು ಮಂಡಳಿಗೆ ಕಳಿಸುವುದು. ಹಳದಿಗೆ ಸಾಗಣೆದಾರರ ಸಹಿ ಹಾಕಿಸಿ ನೀವೇ ಇಟ್ಟುಕೊಳ್ಳಿ. ಉಳಿದ ಐದು ಲಾರಿ ಜೊತೆ ಹೋಗುತ್ತವೆ. ಗುಲಾಬಿ ಪಡೆದವರಿಗೆ, ಕಿತ್ತಳೆ ಸಾಗಣೆದಾರರಿಗೆ, ಹಸಿರನ್ನು ಪಡೆದವರು ಮಂಡಳಿಗೆ ಕಳಿಸುತ್ತಾರೆ, ನೀಲಿಯನ್ನು ನಿಮಗೆ ವಾಪಸ್ ಕಳಿಸುತ್ತಾರೆ. ಬೂದು ಬಣ್ಣದ್ದು ಬೇರೆ ರಾಜ್ಯಕ್ಕೆ ಹೋದಾಗ ಮಾತ್ರ, ಅದು ಕಳಿಸಿದವರ ರಾಜ್ಯದ ಮಂಡಳಿಗೆ. ಅರಿಯಲೂರಿಗೆ ಕಳಿಸುವುದಾದರೆ ಲಾರಿ ಹೊರಡುವ ಮೊದಲೇ ಎರಡೂ ರಾಜ್ಯದ ಮಂಡಳಿಗಳಿಗೆ ತಿಳಿಸಿರಬೇಕು.

ಕಿಲ್ನ್ ಬಾಯಲ್ಲಿ ಏನಾಗುತ್ತದೆ

ಅಲ್ಲಿ ಗೇಟಿನಲ್ಲೇ ಮತ್ತೆ ಸ್ಯಾಂಪಲ್ ತೆಗೆಯುತ್ತಾರೆ. ನಿಮ್ಮ ವರದಿಗೂ ಅವರದಕ್ಕೂ ತಾಳೆ ಆದರೆ ಇಳಿಸಿಕೊಳ್ಳುತ್ತಾರೆ. ಕಿಲ್ನ್ ಸ್ಥಿರವಾಗಿ ಬಿಸಿ ಆದ ಮೇಲೆಯೇ ಕಸ ಹಾಕುವುದು, ಶುರು ಮಾಡುವಾಗ ನಿಲ್ಲಿಸುವಾಗ ಹಾಕುವುದಿಲ್ಲ. ಸಾವಯವ ವಸ್ತು ಇರುವ ಕಸವನ್ನು ಕಚ್ಚಾ ಪುಡಿಯ ಜೊತೆ ತಣ್ಣನೆಯ ತುದಿಯಿಂದ ಹಾಕಬಾರದು, ಸುಡುವ ಮೊದಲೇ ಆವಿಯಾಗಿ ಚಿಮಣಿ ಸೇರುತ್ತದೆ. ಅದಕ್ಕೇ ಕ್ಯಾಲ್ಸಿನರ್ ಅಥವಾ ಮುಖ್ಯ ಬರ್ನರ್. ಕಾರ್ಬನ್ ಮಾನಾಕ್ಸೈಡ್ ಏರಿದರೆ ಕಸದ ಫೀಡ್ ತಾನಾಗೇ ನಿಲ್ಲುವ ವ್ಯವಸ್ಥೆ ಇರಬೇಕು.

ಕಸ ಸುಡುವ ಕಿಲ್ನ್‌ಗಳಿಗೆ 2016ರಲ್ಲಿ ಬೇರೆ ಹೊರಸೂಸುವಿಕೆ ಮಿತಿ ಬಂತು: ಡಯಾಕ್ಸಿನ್ ಮತ್ತು ಫ್ಯೂರಾನ್ ಘನ ಮೀಟರಿಗೆ 0.1 ನ್ಯಾನೋಗ್ರಾಂ, ಪಾದರಸ 0.05 ಮಿಲಿಗ್ರಾಂ, ಹೈಡ್ರೋಜನ್ ಕ್ಲೋರೈಡ್ 10 ಮಿಲಿಗ್ರಾಂ. ಆಲೆಮನೆ ಚಿಮಣಿಯನ್ನು ಹೀಗೆ ಯಾರೂ ಅಳೆಯುವುದಿಲ್ಲ. ಗುಜರಿಯವರಿಗೆ ನಾನು ಆವತ್ತು ಕೊಡಬೇಕಾಗಿದ್ದ ಉತ್ತರ ಇದೇ.

ಕೊನೆಯ ಕಡತ

ದಿನದ ದಾಖಲೆ ಫಾರ್ಮ್ 3ರಲ್ಲಿ, ವಾರ್ಷಿಕ ವಿವರ ಫಾರ್ಮ್ 4ರಲ್ಲಿ ಪ್ರತಿ ವರ್ಷ ಜೂನ್ 30ರೊಳಗೆ. ಲಾರಿ ಹೋದ ಮೇಲೆ ನೀಲಿ ಪ್ರತಿ ಬಂತೇ ಎಂದು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಳ್ಳಿ, ಬರದಿದ್ದರೆ ಫೋನ್ ಮಾಡಿ ಕೇಳಿ. ಬಂದ ಕೂಡಲೇ ಅದರ ಮೇಲಿನ ತೂಕವನ್ನು ನಿಮ್ಮ ಹಳದಿ ಪ್ರತಿಯ ತೂಕದ ಪಕ್ಕ ಇಟ್ಟು ನೋಡಿ. ಕೋ-ಪ್ರೊಸೆಸಿಂಗ್ ಆಯಿತೆಂಬ ಪ್ರಮಾಣಪತ್ರವನ್ನೂ ಕೇಳಿ ಅದಕ್ಕೆ ಪಿನ್ ಮಾಡಿ. ತಿಂಗಳ ಕೊನೆಗೆ ಹಳೆಯ ದಾಸ್ತಾನು, ಈ ತಿಂಗಳು ಹುಟ್ಟಿದ್ದು, ಕಳಿಸಿದ್ದು, ಉಳಿದದ್ದು ನಾಲ್ಕೂ ಕೂಡಿ ಕಳೆದು ನೋಡಿ. ಎಣ್ಣೆಬಟ್ಟೆಯ ಸಾಲಿನಲ್ಲಿ ನೂರು ಕಿಲೋ ಕಡಿಮೆ ಬಂದರೆ ಅಷ್ಟಕ್ಕೇ ಬಿಡಬೇಡಿ, ಗೇಟ್ ಪಾಸ್ ಪುಸ್ತಕ ತೆಗೆಯಿರಿ, ರಾತ್ರಿ ಪಾಳಿಯ ಸೆಕ್ಯುರಿಟಿಯವರನ್ನು ಕೂರಿಸಿಕೊಂಡು ಆ ಮೂಟೆಗಳು ಯಾವ ಗಾಡಿಯಲ್ಲಿ ಹೋದವು ಎಂದು ಕೇಳಿ.